ಬಾಗಿಲಾಚೆಯ ಸ್ಟೂಲು

"ಇದೇನ್ರೀ ಇದು? ಕನ್ನಡಕಾನಾ, ಇಲ್ಲಾ ಬಸ್ಸಿನ ಚಕ್ರದಡಿ ಸಿಕ್ಕಿದ ತಂತೀನಾ?"

ಕೌಂಟರಿನ ಆಚೆ ನಿಂತಿದ್ದ ಗಂಡಸು ತಲೆ ತಗ್ಗಿಸಿದ. ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿಕೊಂಡು ಅವಳ ಮುಖ ಹುಡುಕುತ್ತಿದ್ದ.

"ಒಬ್ಬ ಹುಡುಗ ಇದರ ಮೇಲೆ ಕೂತುಬಿಟ್ಟ, ಮೇಡಂ..."

"ಹೋದ ತಿಂಗಳು?"

"ಅವತ್ತು ಒಬ್ಬಳು ಇದನ್ನ ನೀರಿನ ಬಕೆಟ್ಟಲ್ಲಿ ಈಜೋಕೆ ಬಿಟ್ಟಿದ್ಲು."

"ಅದಕ್ಕೂ ಮುಂಚೆ?"

"ಅದು... ಅದರ ಮೇಲೆ ನಾನೇ ಕೂತಿದ್ದೆ."

ನಗಬಾರದೆಂದು ತುಟಿ ಕಚ್ಚಿ ಹಿಡಿದಳು. ಆದರೂ ನಗು ಬಂದೇಬಿಟ್ಟಿತು! ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಾ, ಸಾಸಿವೆಯಷ್ಟು ಸ್ಕ್ರೂಗಳನ್ನು ತಿರುಗಿಸುತ್ತಾ ಹತ್ತು ವರ್ಷ ಕಳೆದಿದ್ದಳು. ಗಿರಾಕಿಯ ಎದುರು ಅವಳು ನಕ್ಕಿದ್ದು ಅದೇ ಮೊದಲು.

ಅವನು ಒಂದನೇ ಕ್ಲಾಸಿನ ಮೇಷ್ಟ್ರು. ಮೂವತ್ತನಾಲ್ಕು ಮಕ್ಕಳು, ಮೂವತ್ತನಾಲ್ಕು ಸೋರುವ ಮೂಗು. ಆಮೇಲೆ ಮೂರು ತಿಂಗಳಲ್ಲಿ ಇನ್ನೂ ಮೂರು ಸಲ ಕನ್ನಡಕ ಮುರಿದುಕೊಂಡು ಬಂದ. ಮೂರನೆಯ ಸಲ ಅವಳು ಫ್ರೇಮನ್ನು ತಿರುಗಿಸಿ ನೋಡಿ ಹುಬ್ಬೇರಿಸಿದಳು.

"ಇದು ಕೂತು ಮುರಿದಿದ್ದಲ್ಲ. ಕೈಯಲ್ಲೇ ಮುರಿದಿದ್ದು."

"ಹೌದು," ಎಂದ ಮೇಷ್ಟ್ರು. "ಬರೋಕೆ ಬೇರೆ ನೆಪ ಸಿಗಲಿಲ್ಲ."

ಅವಳಿಗೆ ಮೂವತ್ತೈದು, ಅವನಿಗೆ ಮೂವತ್ತೊಂಬತ್ತು. ಮದುವೆಯ ಮಾತೆತ್ತುವುದನ್ನು ಎರಡೂ ಕಡೆಯ ನೆಂಟರು ಎಂದೋ ಬಿಟ್ಟಿದ್ದರು. ಸದ್ದಿಲ್ಲದೆ ಮದುವೆಯಾದರು. ಅವನು ಅವಳಿಗೆ 'ಸಿಡಿಮಿಡಿ' ಎಂದು ಹೆಸರಿಟ್ಟ. ಕರೆದಾಗಲೆಲ್ಲ ಅವಳು ಸಿಡುಕುತ್ತಿದ್ದಳು, ಕರೆಯದಿದ್ದರೆ ಇನ್ನೂ ಜಾಸ್ತಿ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆದರೆ ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮದುವೆಯಾದ ಎಂಟನೆಯ ತಿಂಗಳಲ್ಲಿ, ಸ್ನಾನ ಮಾಡುವಾಗ, ಎಡಗಡೆಯ ಎದೆಯಲ್ಲಿ ಒಂದು ಗಂಟು ಅವಳ ಬೆರಳಿಗೆ ತಾಗಿತು.

* * *

ಆಪರೇಷನ್ ಆಯಿತು. ಆಮೇಲೆ ಕೀಮೋ. ಮೂರು ವಾರಕ್ಕೊಂದರಂತೆ ಆರು ಡ್ರಿಪ್.

ಮೊದಲ ಡ್ರಿಪ್ ಮುಗಿದ ದಿನ ಮೇಷ್ಟ್ರು ಮಾತ್ರೆ ತರಲು ಕೆಳಗೆ ಹೋಗಿದ್ದ. ಆಗ ಕೈಯಲ್ಲೊಂದು ಫೈಲು ಹಿಡಿದು ದಪ್ಪನೆಯ ಸಿಸ್ಟರ್ ಒಬ್ಬರು ಹಾಸಿಗೆಯ ಪಕ್ಕ ಬಂದು ನಿಂತರು. ಮನೆಗೆ ಹೋದ ರೋಗಿಗಳಿಗೆ ಫೋನ್ ಮಾಡಿ ವಿಚಾರಿಸುವುದು ಅವರ ಕೆಲಸ. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು 'ಫೋನ್ ಸಿಸ್ಟರ್' ಎನ್ನುತ್ತಿದ್ದರು.

"ನೋಡಮ್ಮ, ಈ ಔಷಧ ಎರಡು ದಿನ ನಿನ್ನ ಮೈಯಿಂದ ಹೊರಗೆ ಹೋಗ್ತಿರುತ್ತೆ. ಮೂತ್ರದಲ್ಲಿ, ವಾಂತಿಯಲ್ಲಿ. ಟಾಯ್ಲೆಟ್‌ಗೆ ಎರಡೆರಡು ಸಲ ನೀರು ಹಾಕು. ಬಟ್ಟೆ ಬೇರೆ ಒಗೀಬೇಕು. ಯಾರಾದ್ರೂ ವಾಂತಿ ಬಳಿದ್ರೆ ಗ್ಲೌಸ್ ಹಾಕ್ಕೋಬೇಕು. ಆಮೇಲೆ..."

ಅಷ್ಟರಲ್ಲಿ ಪಕ್ಕದ ಹಾಸಿಗೆಯ ಗಂಟೆ ಹೊಡೆಯಿತು. ಸಿಸ್ಟರ್ ಓಡಿದರು. ಆ 'ಆಮೇಲೆ' ಅಲ್ಲೇ ಉಳಿಯಿತು.

ಅರ್ಧ ಗಂಟೆಯ ನಂತರ ಅದೇ ಸಿಸ್ಟರ್ ಕಾರಿಡಾರಿನಲ್ಲಿ ಮೇಷ್ಟ್ರನ್ನು ತಡೆದು ನಿಲ್ಲಿಸಿದರು. ಏಳನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಅವಳ ರಕ್ತದಲ್ಲಿ ಬಿಳಿ ಕಣಗಳು ಇಳಿಯುತ್ತವೆ, ಶೀತ ಕೆಮ್ಮು ಇರುವವರು ಹತ್ತಿರ ಬರಬಾರದು, ಸಣ್ಣ ಜ್ವರವೂ ಪ್ರಾಣಕ್ಕೆ ಬರಬಹುದು ಎಂದರು. "ಮಕ್ಕಳ ಜೊತೆ ಇರೋರು ನೀವು, ಹುಷಾರು ಮೇಷ್ಟ್ರೇ!" ಅವನಿಗೆ ಇನ್ನೂ ನೂರು ಪ್ರಶ್ನೆ ಇದ್ದವು. ಲಿಫ್ಟ್ ಬಂತು, ಸಿಸ್ಟರ್ ಹೋದರು.

ಹೀಗೆ ಒಬ್ಬಳು 'ನಾನೇ ವಿಷ' ಎಂದುಕೊಂಡು ಮನೆಗೆ ಬಂದಳು. ಇನ್ನೊಬ್ಬ 'ನಾನೇ ರೋಗ' ಎಂದುಕೊಂಡು ಬಂದ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿರುತ್ತದೆ ಎಂದು ಇಬ್ಬರೂ ನಂಬಿದ್ದರು. ಗಂಡ ಹೆಂಡಿರಲ್ಲವೇ!

ಎಂಟನೆಯ ದಿನ ಸಂಜೆ ಮೇಷ್ಟ್ರು ಶಾಲೆಯಿಂದ ಬಂದವನೇ ಮೈಮರೆತು ಅವಳ ಹಣೆಗೆ ಮುತ್ತಿಟ್ಟ. ಮರುಕ್ಷಣ ಪಕ್ಕಕ್ಕೆ ತಿರುಗಿ ಸೀನಿದ. ಒಂದೇ ಸೀನು.

ಹತ್ತನೆಯ ದಿನ ಅವಳಿಗೆ ನೂರಾ ಎರಡು ಡಿಗ್ರಿ ಜ್ವರ. ಐದು ದಿನ ಆಸ್ಪತ್ರೆ. ಆ ಐದು ದಿನ ಮೇಷ್ಟ್ರು ಏನು ತಿಂದ, ಎಲ್ಲಿ ಮಲಗಿದ ಎಂಬುದು ಅವನಿಗೇ ನೆನಪಿಲ್ಲ.

ಮನೆಗೆ ಮರಳಿದ ಮೂರನೆಯ ದಿನಕ್ಕೆ ಕೂದಲು ಗೊಂಚಲು ಗೊಂಚಲಾಗಿ ಕೈಗೆ ಬಂತು. ಕನ್ನಡಿಯ ಮುಂದೆ ಕುಳಿತು ಉಳಿದದ್ದನ್ನು ತಾನೇ ಬೋಳಿಸಿಕೊಂಡಳು. ಕಿವಿಯ ಹಿಂದೆ ಬ್ಲೇಡ್ ತಾಗಿ ರಕ್ತ ಬಂತು. ಅದೇ ಹೊತ್ತಿಗೆ ಮೇಷ್ಟ್ರು ಮಾತ್ರೆ ಹಿಡಿದು ಬಾಗಿಲಿಗೆ ಬಂದ. ಕನ್ನಡಿಯಲ್ಲಿ ಇಬ್ಬರ ಕಣ್ಣೂ ಕೂಡಿದವು.

ಅವನು ಕೈ ಎತ್ತಿದ... ಇಳಿಸಿದ... ಒಂದು ಹೆಜ್ಜೆ ಹಿಂದೆ ಸರಿದ.

ಆ ಸಂಜೆಯೇ ಅವನ ಹಾಸಿಗೆ ಮುಂದಿನ ಕೋಣೆಗೆ ಹೋಯಿತು. ಅವಳ ಕೋಣೆಯ ಬಾಗಿಲಾಚೆ ಒಂದು ಸ್ಟೂಲು ಬಂದು ಕೂತಿತು. ಊಟ ಅದರ ಮೇಲೆ. ಮಾತ್ರೆ ಅದರ ಮೇಲೆ. ಎರಡು ಸಲ ಬಾಗಿಲು ತಟ್ಟುವ ಸದ್ದು, ಆಮೇಲೆ ದೂರ ಸರಿಯುವ ಚಪ್ಪಲಿಯ ಸದ್ದು.

'ನೋಡೋಕೂ ಆಗ್ತಿಲ್ಲ ಇವರಿಗೆ... ಅಷ್ಟು ಅಸಹ್ಯ ಆಗಿಬಿಟ್ನಾ?'

ಕೇಳಬಹುದಿತ್ತು. ಕೇಳಲಿಲ್ಲ. ಬೇರೆಯವರ ಕನ್ನಡಕದ ವಿಷಯಕ್ಕೆ ಬಾಯಿ ಜೋರು ಮಾಡುವವಳು ತನ್ನ ವಿಷಯಕ್ಕೆ ತುಟಿ ಪಿಟಕ್ಕೆನ್ನಲಿಲ್ಲ. ಕೇಳಿ ಪಡೆದ ಪ್ರೀತಿ ಭಿಕ್ಷೆ ಎಂಬ ಹಟ! ಅವನೂ ಹಾಗೆಯೇ. ನೆರೆಮನೆಯವರು ಕೇಳಿದರೆ "ಪರವಾಗಿಲ್ಲ, ನಡೀತಿದೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳುತ್ತಿದ್ದ. ಇಬ್ಬರನ್ನೂ ಹಿಡಿದು ತಲೆಗೆ ತಲೆ ಕುಟ್ಟಬೇಕು ಎನಿಸುತ್ತದೆ ನನಗೆ. ಆದರೆ ಪಾಪ...

ಎರಡನೆಯ ಡ್ರಿಪ್ ಆಯಿತು, ಮೂರನೆಯದೂ ಆಯಿತು. ಮೇಷ್ಟ್ರು ಕಾರಿಡಾರಿನಲ್ಲೇ ಉಳಿಯುತ್ತಿದ್ದ. ವಾಪಸ್ಸು ಬರುವಾಗ ಟ್ಯಾಕ್ಸಿಯಲ್ಲಿ ಅವನು ಡ್ರೈವರಿನ ಪಕ್ಕ, ಅವಳು ಹಿಂದೆ.

ಅವಳ ದಿನಗಳು ಈಗ ಬರೀ ಸದ್ದಿನಲ್ಲಿದ್ದವು. ಕುಕ್ಕರಿನ ಸೀಟಿ. ಬಾತ್‌ರೂಮಿನಲ್ಲಿ ಅವನು ಮೈ ಉಜ್ಜಿ ಉಜ್ಜಿ ತೊಳೆಯುವ ಸದ್ದು. ಮಕ್ಕಳ ಪುಸ್ತಕದ ಹಾಳೆ ಮಗುಚುವ ಸದ್ದು. ಒಂದೇ ಮನೆ, ಒಂದೇ ಗೋಡೆ. ಗೋಡೆಗೆ ಬೆನ್ನು ಕೊಟ್ಟು ಕೂತರೆ ಆಚೆ ಅವನ ಕುರ್ಚಿ ಕಿರುಗುಟ್ಟುವುದು ಬೆನ್ನಿಗೇ ತಿಳಿಯುತ್ತಿತ್ತು. ಒಂಟಿತನ ಎಂದರೆ ಯಾರೂ ಇಲ್ಲದಿರುವುದು ಎಂದುಕೊಂಡಿದ್ದಳು. ಇರಬೇಕಾದವನು ಗೋಡೆಯಾಚೆ ಇರುವುದು ಅದಕ್ಕಿಂತ ಕೆಟ್ಟದ್ದು.

ನೀರು ಕುಡಿದರೂ ಬಾಯಲ್ಲಿ ಕಬ್ಬಿಣದ ರುಚಿ. ಒಸಡಿನ ತುಂಬ ಹುಣ್ಣು. ಬೆರಳ ತುದಿ ಜೋಮು ಹಿಡಿದ ಹಾಗೆ. ಒಂದು ದಿನ ಅಂಗಡಿಯ ಸ್ಕ್ರೂಡ್ರೈವರ್ ಹಿಡಿದು ನೋಡಿದಳು. ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಬೇಕು ಎಂದೂ ಅನ್ನಿಸಲಿಲ್ಲ.

ಫೋನ್ ಸಿಸ್ಟರ್ ಪ್ರತಿ ಡ್ರಿಪ್ಪಿನ ಮೂರನೆಯ ದಿನ ತಪ್ಪದೆ ಕೇಳುತ್ತಿದ್ದರು. ವಾಂತಿ? ಬಾಯಿ? ಹೊಟ್ಟೆ? ಬೆರಳು?

"ಚೆನ್ನಾಗಿದೀನಿ, ಸಿಸ್ಟರ್."

ಹೇಳಿದರೆ ಔಷಧ ನಿಲ್ಲಿಸಿಬಿಡುತ್ತಾರೆ ಎಂಬ ಭಯ ಮೊದಲು ಇತ್ತು. ಈಗ ಆ ಭಯವೂ ಇರಲಿಲ್ಲ. ನಾಲ್ಕನೆಯ ಡ್ರಿಪ್ ಹತ್ತಿರ ಬಂದ ಶುಕ್ರವಾರ ಬೇರೆ ಊರಿನಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದಳು.

"ಭಾನುವಾರ ಬಂದು ನನ್ನ ಕರ್ಕೊಂಡು ಹೋಗಕ್ಕಾ. ಮಂಗಳವಾರದ ಡ್ರಿಪ್ ನಾನು ಹಾಕಿಸ್ಕೊಳಲ್ಲ."

"ಹುಚ್ಚು ಹಿಡೀತೇನೇ ನಿಂಗೆ? ಇನ್ನು ಮೂರೇ ಅಲ್ವೇನೇ ಇರೋದು!"

"ಯಾರಿಗೋಸ್ಕರ ಅಕ್ಕಾ?"

ಅಕ್ಕ ಅತ್ತಳು. ಇವಳಿಗೆ ಅಳುವೂ ಬರಲಿಲ್ಲ.

* * *

ಶನಿವಾರ ಮಧ್ಯಾಹ್ನ ಫೋನ್ ರಿಂಗಾಯಿತು.

"ಮಂಗಳವಾರ ಬೆಳಿಗ್ಗೆ ಎಂಟು ಗಂಟೆ. ನೆನಪಿದೆ ತಾನೇ ತಾಯಿ?"

"ನಾನು ಬರಲ್ಲ, ಸಿಸ್ಟರ್."

ಬುದ್ಧಿಮಾತು ಬರುತ್ತದೆ ಎಂದು ಕಾದಳು. ಬರಲಿಲ್ಲ. ಪೆನ್ನಿನ ತುದಿ ಮೇಜಿಗೆ ತಾಗುವ ಸದ್ದು ಕೇಳಿಸಿತು.

"ಸರಿ. ಬರದಿದ್ರೂ ನನ್ನ ಪಟ್ಟಿ ತುಂಬಿಸ್ಬೇಕಲ್ಲ. ಹೇಗಿದೀಯ?"

"ಚೆನ್ನಾಗಿದೀನಿ."

"ಆ ಉತ್ತರ ನನ್ನ ಪಟ್ಟಿಯಲ್ಲೇ ಇಲ್ಲ ಕಣಮ್ಮ. ನಿನ್ನೆ ಏನು ತಿಂದೆ?"

"...ಗಂಜಿ."

"ಎಷ್ಟು?"

"ನಾಲ್ಕು ಚಮಚ."

"ಉಳಿದಿದ್ದು ಯಾಕೆ ಬಿಟ್ಟೆ? ಹೊಟ್ಟೆ ತುಂಬ್ತಾ, ವಾಕರಿಕೆ ಬಂತಾ, ಬಾಯಿ ಉರೀತಾ?"

ಯಾರೂ ಅವಳನ್ನು ಇಷ್ಟು ಸಣ್ಣದಾಗಿ ಕೇಳಿರಲಿಲ್ಲ.

"ಬಾಯಿ... ಉರೀತು."

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಿಸ್ಟರ್ ಒಂದೊಂದನ್ನೇ ಹೊರಗೆ ತೆಗೆದರು. ಹುಣ್ಣು. ಜೋಮು. ಊಟವಾದ ಮೇಲೆ ನುಂಗುತ್ತಿದ್ದ ವಾಂತಿಯ ಮಾತ್ರೆ. ಅದನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಬೇಕು ಎಂದರು. ಒಂದು ಲೋಟ ಬೆಚ್ಚನೆ ನೀರಿಗೆ ಚಿಟಿಕೆ ಉಪ್ಪು, ಚಿಟಿಕೆ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸು, ಗಂಜಿ ಆರಿಸಿ ತಿನ್ನು, ಸ್ಟೀಲ್ ಚಮಚ ಬಿಟ್ಟು ಮರದ್ದು ಹಿಡಿ ಎಂದರು.

"ಜೋಮಿನ ವಿಷಯ ಯಾಕೆ ಮುಚ್ಚಿಟ್ಟೆ?"

"ಔಷಧ ನಿಲ್ಲಿಸಿಬಿಡ್ತೀರಿ ಅಂತ."

"ಸ್ವಲ್ಪ ಕಮ್ಮಿ ಮಾಡೋದಕ್ಕೂ ನಿಲ್ಲಿಸೋದಕ್ಕೂ ವ್ಯತ್ಯಾಸ ಇದೆಯಮ್ಮ. ಡಾಕ್ಟರಿಗೆ ನಾನು ಇವತ್ತೇ ಹೇಳ್ತೀನಿ. ಈ ಹುಣ್ಣು ಮೊದಲ ಸಲಾನೂ ಇತ್ತಾ? ಆ ಜ್ವರ ಬಂದಾಗ?"

"ಇತ್ತು."

"ಹ್ಞೂಂ..." ಸಿಸ್ಟರ್ ಬರೆದುಕೊಂಡರು. "ಸರಿ, ಮೇಷ್ಟ್ರಿಗೆ ಹೇಳು. ದಿನಾ ಟಾರ್ಚ್ ಬಿಟ್ಟು ನಿನ್ನ ಬಾಯೊಳಗೆ ನೋಡ್ಲಿ."

ಅಷ್ಟೇ. ಅಷ್ಟಕ್ಕೇ ಇಷ್ಟು ದಿನ ಬರದ ಅಳು ಒತ್ತರಿಸಿ ಬಂತು.

"ಅವರು ನನ್ನ ಹತ್ತಿರ ಬರಲ್ಲ, ಸಿಸ್ಟರ್... ಒಂದೂವರೆ ತಿಂಗಳಾಯ್ತು. ನನ್ನ ಬೋಳು ತಲೆ ನೋಡಿದಾಗಿಂದ. ಅವರದೇನೂ ತಪ್ಪಿಲ್ಲ... ನನ್ನ ಮೈಯೆಲ್ಲ ವಿಷ ಅಲ್ವಾ, ನೀವೇ ಹೇಳಿದ್ರಲ್ಲ..."

ಪೆನ್ನಿನ ಸದ್ದು ನಿಂತಿತು.

"ನಾನು ಅವತ್ತು ಏನಂದೆ? ಹಾಗೇ ಹೇಳು."

ಹೇಳಿದಳು. ಮೂತ್ರ, ವಾಂತಿ, ಬಟ್ಟೆ, ಗ್ಲೌಸ್.

"ಆಮೇಲೆ?"

"ಆಮೇಲೆ ಏನಿಲ್ಲ. ಪಕ್ಕದ ಹಾಸಿಗೆ ಗಂಟೆ ಹೊಡೀತು, ನೀವು ಹೋದ್ರಿ."

"ಅಯ್ಯೋ ದೇವರೇ..." ಸಿಸ್ಟರಿನ ದನಿ ಕುಸಿಯಿತು. "ಆಮೇಲೆ ಹೇಳ್ಬೇಕಾಗಿದ್ದೇ ಮುಖ್ಯ ಕಣಮ್ಮ! ಮುಟ್ಟಬಹುದು, ಪಕ್ಕ ಕೂರಬಹುದು, ತಬ್ಬಿಕೊಳ್ಳಬಹುದು. ಆ ಎರಡು ದಿನಾನೂ! ಹೇಳಿದೀನಿ ಅಂದ್ಕೊಂಡೇ ನಿನ್ನ ಹೆಸರ ಮುಂದೆ ಗುರುತು ಹಾಕ್ಬಿಟ್ಟೆ. ತಪ್ಪು ನಂದು, ತಾಯಿ. ಮೇಷ್ಟ್ರು ಮನೆಲಿದಾರಾ?"

"ಮುಂದಿನ ಕೋಣೆಲಿ."

"ಬಾಗಿಲು ತೆಗಿ. ಫೋನ್ ಸ್ಪೀಕರಿಗೆ ಹಾಕು."

ಚಿಲಕದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು. ಅವನ ಚಪ್ಪಲಿಯ ಸದ್ದು ದೂರವಾದ ಮೇಲಷ್ಟೇ ಬಾಗಿಲು ತೆಗೆದು ರೂಢಿ ಅವಳಿಗೆ. ಇವತ್ತು ಅವನು ಅಲ್ಲೇ ಇರುವಾಗ ತೆಗೆದಳು. ಮೇಜಿನ ಮುಂದೆ ಕೂತಿದ್ದ ಮೇಷ್ಟ್ರು ಗಾಬರಿಯಿಂದ ಎದ್ದು ಗೋಡೆಗೆ ಒತ್ತಿ ನಿಂತ. ತನ್ನ ಮನೆಯಲ್ಲೇ ಮೂಗಿನ ತನಕ ಮಾಸ್ಕ್!

ಅವಳು ಫೋನನ್ನು ಸ್ಟೂಲಿನ ಮೇಲೆ ಇಟ್ಟಳು.

"ಮೇಷ್ಟ್ರೇ," ಎಂದಿತು ಫೋನು. "ಕಾರಿಡಾರಿನಲ್ಲಿ ನಾನು ಹೇಳಿದ ಪಾಠ ಒಪ್ಪಿಸಿ ನೋಡೋಣ."

ಮೇಷ್ಟ್ರು ಅವಳ ಕಡೆ ನೋಡದೆ ಶುರು ಮಾಡಿದ. ಒಂದನೇ ಕ್ಲಾಸಿನ ಹುಡುಗನ ಹಾಗೆ, ಕೈ ಕಟ್ಟಿಕೊಂಡು.

"ಏಳನೇ ದಿನದಿಂದ ಹದಿನಾಲ್ಕನೇ ದಿನ... ಬಿಳಿ ಕಣ ಇಳಿಯುತ್ತೆ... ಶೀತ ಇರೋರು ಹತ್ತಿರ ಬರಬಾರದು... ಸಣ್ಣ ಜ್ವರಾನೂ..."

ಅಲ್ಲಿಗೆ ನಿಂತಿತು.

"ಸಿಸ್ಟರ್, ನಾನು ಎಂಟನೇ ದಿನ ಸೀನಿದೆ. ಇವಳ ಹಣೆಗೆ ಮುತ್ತು ಕೊಟ್ಟು ಸೀನಿದೆ. ಎರಡೇ ದಿನಕ್ಕೆ ಜ್ವರ... ಇವಳನ್ನ ನಾನೇ ಸಾಯಿಸಿಬಿಡ್ತಿದ್ದೆ! ಯಾವ ಬಾಯಲ್ಲಿ ಹೇಳಲಿ ಇವಳಿಗೆ?"

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. 'ಇದಕ್ಕಾ? ಇಷ್ಟು ದಿನ... ಇದಕ್ಕಾ?'

"ಇಬ್ಬರೂ ಸರಿಯಾಗಿ ಕೇಳಿಸ್ಕೊಳ್ಳಿ," ಎಂದರು ಸಿಸ್ಟರ್. "ಅಂಥ ಜ್ವರ ಹೆಚ್ಚಾಗಿ ಬರೋದು ರೋಗಿಯ ಬಾಯಿ, ಹೊಟ್ಟೆಯೊಳಗಿನ ಕ್ರಿಮಿಗಳಿಂದಾನೇ. ಅವಳ ಬಾಯಲ್ಲಿ ಆಗಲೇ ಹುಣ್ಣಿತ್ತು, ಹೇಳಿರಲಿಲ್ಲ. ಯಾವುದರಿಂದ ಬಂತು ಅಂತ ಖಂಡಿತ ಯಾರೂ ಹೇಳೋಕಾಗಲ್ಲ. ಆದ್ರೆ ಒಂದು ಸೀನನ್ನ ಹಿಡ್ಕೊಂಡು ಒಂದೂವರೆ ತಿಂಗಳು ಅಪರಾಧಿ ಥರ ನಿಲ್ಲೋದು ಬೇಡ ಮೇಷ್ಟ್ರೇ. ನಿಮಗೆ ಶೀತ ಇದ್ರೆ ಮಾಸ್ಕ್ ಹಾಕ್ಕೊಂಡು ದೂರ ಇರಿ. ಇಲ್ದಿದ್ರೆ ಶಾಲೆಯಿಂದ ಬಂದು ಬಟ್ಟೆ ಬದಲಾಯಿಸಿ, ಸೋಪು ಹಾಕಿ ಕೈ ತೊಳೆದು, ಹೆಂಡತಿ ಪಕ್ಕ ಕೂತ್ಕೊಳ್ಳಿ. ಜ್ವರ ನೂರು ದಾಟಿದ್ರೆ ಮಾತ್ರ ಒಂದು ನಿಮಿಷಾನೂ ಕಾಯದೆ ಬನ್ನಿ. ಈಗ ಶೀತ ಇದೆಯಾ?"

"ಇಲ್ಲ."

"ಮತ್ತೆ ಆ ಗೋಡೆ ಹತ್ತಿರ ಏನು ಕೆಲಸ?"

"ನಾನು ಗೋಡೆ ಹತ್ತಿರ ಇರೋದು ನಿಮಗೆ ಹೇಗೆ ಗೊತ್ತಾಯ್ತು?"

"ಇಪ್ಪತ್ತೆರಡು ವರ್ಷದ ಸರ್ವೀಸು, ಮೇಷ್ಟ್ರೇ. ದನಿ ಎಷ್ಟು ದೂರದಿಂದ ಬರ್ತಿದೆ ಅಂತ ಕೇಳಿಸಲ್ವಾ? ನಿಮಗೆ ಅರ್ಧ, ಅವಳಿಗೆ ಅರ್ಧ ಹೇಳಿದೆನಲ್ಲ, ಆ ತಪ್ಪನ್ನ ಇಬ್ಬರೂ ಹೊಟ್ಟೆಗೆ ಹಾಕ್ಕೊಳ್ಳಿ. ಮಂಗಳವಾರದ ವಿಷಯ... ನೀವಿಬ್ಬರೂ ಮಾತಾಡ್ಕೊಂಡು ನನಗೆ ಹೇಳಿ. ಕಾಯ್ತಿರ್ತೀನಿ."

ಫೋನ್ ಮೌನವಾಯಿತು.

* * *

ಮೇಷ್ಟ್ರು ಬಚ್ಚಲಿಗೆ ಹೋದ. ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ಬೇರೆ ಶರ್ಟ್ ತೊಟ್ಟು, ಮಾಸ್ಕ್ ತೆಗೆದು, ಒದ್ದೆ ಕೈ ಮುಂದೆ ಹಿಡಿದುಕೊಂಡು ಹೊಸ್ತಿಲ ಆಚೆ ಬಂದು ನಿಂತ. ಕೆನ್ನೆ ಒಳಗೆ ಹೋಗಿತ್ತು. ಇವನೂ ಊಟ ಬಿಟ್ಟಿದ್ದಾನೆ ಎಂಬುದು ಅವಳಿಗೆ ಈಗ ಕಂಡಿತು.

"ಮಂಗಳವಾರದ ವಿಷಯ ಅಂದ್ರಲ್ಲ ಸಿಸ್ಟರ್. ಏನದು?"

"ನಾಳೆ ಅಕ್ಕ ಬರ್ತಾಳೆ. ನನ್ನ ಕರ್ಕೊಂಡು ಹೋಗೋಕೆ," ಎಂದಳು. "ಡ್ರಿಪ್ ಬೇಡ ಅಂತ ಹೇಳಿದ್ದೆ."

ಅವನ ಮುಖ ಬಿಳಿಚಿಕೊಂಡಿತು.

"ಸಿಡಿಮಿಡಿ..."

"ಸಾಯೋಕಲ್ಲ. ಹೀಗೆ ಬದುಕೋಕಾಗದೆ." ತಲೆಯ ಮೇಲಿನ ಸ್ಕಾರ್ಫನ್ನು ಎಳೆದು ತೆಗೆದಳು. "ನೋಡಿ. ಇದನ್ನ ನೋಡೇ ಅವತ್ತು ಹಿಂದೆ ಸರಿದ್ರಿ ಅಂದ್ಕೊಂಡೆ."

"ಅವತ್ತು ನಾನು ತಲೆ ನೋಡಲೇ ಇಲ್ಲ ಕಣೇ. ನಿನ್ನ ಕಿವಿ ಹಿಂದೆ ರಕ್ತ ಬರ್ತಿತ್ತು. ಒರೆಸೋಣ ಅಂತ ಕೈ ಎತ್ತಿದೆ. ಎತ್ತಿದ ಮೇಲೆ ನೆನಪಾಯ್ತು... ಆ ಕೈಯಲ್ಲಿ ಬೆಳಿಗ್ಗೆಯಿಂದ ಹನ್ನೊಂದು ಮಕ್ಕಳ ಮೂಗು ಒರೆಸಿದ್ದೆ."

ಅವಳಿಗೆ ನಗು ಬಂತೋ ಅಳು ಬಂತೋ! ಎರಡೂ ಒಟ್ಟಿಗೇ ಬಂದವು.

"ಹೇಳೋಕೇನಾಗಿತ್ತು ನಿಮಗೆ?"

"ನೀನು ಕೇಳೋಕೇನಾಗಿತ್ತು?"

ಅವನು ಹೊಸ್ತಿಲು ದಾಟಿದ. ಹಾಸಿಗೆಯ ಅಂಚಿನಲ್ಲಿ ಕೂತು ಅವಳ ಕಿವಿಯ ಹಿಂದೆ, ಒಣಗಿ ಗೆರೆಯಷ್ಟೇ ಉಳಿದಿದ್ದ ಗಾಯದ ಮೇಲೆ ಬೆರಳಿಟ್ಟ. ಆಮೇಲೆ ಇಡೀ ಅಂಗೈಯನ್ನು ಅವಳ ಬೋಳು ತಲೆಯ ಮೇಲಿಟ್ಟ. ಕೈ ತಣ್ಣಗಿತ್ತು. ಅವಳು ಕಣ್ಣು ಮುಚ್ಚಿದಳು. ಒಂದೂವರೆ ತಿಂಗಳಿಂದ ಸೂಜಿ ಚುಚ್ಚುವವರು ಬಿಟ್ಟರೆ ಅವಳನ್ನು ಯಾರೂ ಮುಟ್ಟಿರಲಿಲ್ಲ.

"ನಾನು ನಿನ್ನ ಉಳಿಸ್ಕೋಬೇಕು ಅಂತ ದೂರ ಹೋದೆ," ಎಂದ ಮೆಲ್ಲಗೆ.

"ನಿಮ್ಮ ಸೀನಿಂದ ನಾನು ಹೋಗ್ತಿರ್ಲಿಲ್ಲ ರೀ. ಆ ಬಾಗಿಲ ಹಿಂದೆ ಒಬ್ಬಳೇ ಕೂತು ಹೋಗಿಬಿಡ್ತಿದ್ದೆ."

ಅವನು ಅವಳ ಭುಜಕ್ಕೆ ಹಣೆ ಒತ್ತಿ ಅತ್ತ. ಬೆನ್ನು ಸವರುತ್ತಾ ಕೂತಳು. ಜೋಮು ಹಿಡಿದ ಬೆರಳಿಗೂ ಅವನ ಬೆನ್ನಿನ ಬಿಸಿ ತಿಳಿಯುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರು ಮೂಗೊರೆಸಿಕೊಂಡು, ಮತ್ತೆ ಕೈ ತೊಳೆದು, ಟಾರ್ಚ್ ತಂದ.

"ಆ ಅನ್ನು."

"ಆ..."

"ಎಡಗಡೆ ಎರಡು. ನಾಲಿಗೆ ಕೆಳಗೆ ಒಂದು. ಅಯ್ಯೋ, ಇಷ್ಟು ದೊಡ್ಡದು ಇಟ್ಕೊಂಡು ಗಂಜಿ ಹೇಗೆ ತಿಂದೆ?"

"ಬಿಸಿಬಿಸಿ ಮಾಡಿ ಇಡ್ತಿದ್ರಲ್ಲ, ಅದನ್ನೇ ತಿಂದೆ!"

ಎಷ್ಟು ದಿನವಾಗಿತ್ತು ಅವಳು ಸಿಡುಕಿ! ಮೇಷ್ಟ್ರ ಮುಖದಲ್ಲಿ ನಗು ಮೂಡಿತು. ಆದರೆ ನಿಲ್ಲಲಿಲ್ಲ. ಟಾರ್ಚ್ ಆರಿಸಿ, ಅದನ್ನು ಕೈಯಲ್ಲೇ ತಿರುಗಿಸುತ್ತಾ ಕೂತ. ಕೇಳಬೇಕಾದ ಮಾತೊಂದು ಉಳಿದಿತ್ತು. ಕೇಳಲು ಧೈರ್ಯ ಸಾಲಲಿಲ್ಲ.

ಅವಳೇ ಬಾಯಿ ತೆರೆದಳು.

"ಅಕ್ಕನಿಗೆ ಫೋನ್ ಮಾಡಿ. ನಾಳೆ ಬರಲಿ. ನನ್ನ ಕರ್ಕೊಂಡು ಹೋಗೋಕಲ್ಲ, ಸುಮ್ಮನೆ ನೋಡ್ಕೊಂಡು ಹೋಗೋಕೆ ಅಂತ ಹೇಳಿ."

"ಮತ್ತೆ... ಮಂಗಳವಾರ?"

"ಡ್ರಿಪ್ ಹಾಕೋ ಹಾಸಿಗೆ ಪಕ್ಕ ಒಂದು ಕುರ್ಚಿ ಹಾಕಿರ್ತಾರೆ. ನೆನಪಿದೆಯಾ ನಿಮಗೆ?"

"ಇದೆ. ಮೊದಲ ಸಲ ಅದರಲ್ಲೇ ಕೂತಿದ್ದೆ. ಆಮೇಲೆ ಒಳಗೇ ಬರಲಿಲ್ಲವಲ್ಲ."

"ಎಲ್ಲರ ಪಕ್ಕಾನೂ ಒಬ್ಬೊಬ್ಬರು ಕೂತಿರ್ತಾರೆ. ಆಮೇಲಿನ ಎರಡು ಸಲಾನೂ ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು, ರೀ. ಅದರ ಮೇಲೆ ನನ್ನ ಬ್ಯಾಗ್ ಇಟ್ಕೊಂಡಿದ್ದೆ. ಯಾರೋ ಬರೋರಿದಾರೆ ಅಂತ ಬೇರೆಯವರು ಅಂದ್ಕೊಳ್ಳಲಿ ಅಂತ."

ಮೇಷ್ಟ್ರು ಅವಳ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡ.

"ಈ ಸಲ ಬ್ಯಾಗ್ ಕೆಳಗಿಡು," ಎಂದ.